ಕಾರ್ಗೊಪೋಲ್: ಊರು ದೂರ, ಕಚೇರಿ ಇನ್ನೂ ದೂರ

ರಷ್ಯಾದ ಯುರೋಪ್ ಭಾಗದ ಉತ್ತರದಲ್ಲಿ ಲಾಚಾ ಎಂಬ ಸರೋವರವಿದೆ. ಹರವು ಮುನ್ನೂರು ಚದರ ಕಿ.ಮೀ.ಗೂ ಹೆಚ್ಚು, ಆಳ ಮಾತ್ರ ಬಹುಪಾಲು ಕಡೆ ಆಳೆತ್ತರವೂ ಇಲ್ಲ. ದಕ್ಷಿಣದಿಂದ ಸ್ವಿದ್ ನದಿ ಬಂದು ಇದನ್ನು ಸೇರುತ್ತದೆ. ಉತ್ತರದ ತುದಿಯಿಂದ ಹೊರಡುವ ಒನೇಗಾ ನದಿ 416 ಕಿ.ಮೀ. ಹರಿದು ಶ್ವೇತ ಸಮುದ್ರ ಸೇರುತ್ತದೆ. ಹೊರಟ ಕೆಲವೇ ಕಿಲೋಮೀಟರಿಗೆ, ಎಡದಂಡೆಯ ಮೇಲೆ, ಬಿಳಿ ಸುಣ್ಣಕಲ್ಲಿನ ಚರ್ಚುಗಳ ಪುಟ್ಟ ಪಟ್ಟಣವೊಂದು ಎದುರಾಗುತ್ತದೆ. ಅದೇ ಕಾರ್ಗೊಪೋಲ್, ಅದೇ ಹೆಸರಿನ ರಯೋನಿನ ಕೇಂದ್ರ.

ರಯೋನ್ ಎಂದರೆ ಸ್ಥೂಲವಾಗಿ ನಮ್ಮ ತಾಲ್ಲೂಕು. ಅದರ ಮೇಲಿನ ಹಂತ ಒಬ್ಲಾಸ್ತ್. ಅರ್ಖಾಂಗೆಲ್ಸ್ಕ್ ಒಬ್ಲಾಸ್ತಿನ ನೈರುತ್ಯ ಮೂಲೆಯಲ್ಲಿರುವ ಈ ರಯೋನಿನ ವಿಸ್ತೀರ್ಣ ಹತ್ತು ಸಾವಿರ ಚದರ ಕಿ.ಮೀ.ಗಿಂತ ತುಸು ಹೆಚ್ಚು. ಜನ ಎಷ್ಟು? 2010ರ ಜನಗಣತಿಯಲ್ಲಿ 18,466. ಅಂದರೆ ಚದರ ಕಿ.ಮೀ.ಗೆ ಇಬ್ಬರೂ ಇಲ್ಲ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣದಲ್ಲೇ ಇದ್ದರು. ಉಳಿದವರು ಕಾಡು, ಜೌಗು, ಕೆರೆಗಳ ನಡುವೆ ಹರಡಿಕೊಂಡಿರುವ ಹಳ್ಳಿಗಳವರು. ಇಷ್ಟು ತೆಳುವಾಗಿ ಚದುರಿದ ಜನರನ್ನು ಆಳುವುದೆಂದರೆ ದೂರದೊಂದಿಗೆ ಸೆಣಸುವುದು. ಕಾರ್ಗೊಪೋಲ್‌ನ ಇತಿಹಾಸವೆಲ್ಲ ಈ ಸೆಣಸಾಟದ್ದೇ.

ಉಪ್ಪು ಕಟ್ಟಿದ ಊರು

ರೈಲಿಲ್ಲದ ಕಾಲದಲ್ಲಿ ನದಿಯೇ ಹೆದ್ದಾರಿ. ಶ್ವೇತ ಸಮುದ್ರದ ದಂಡೆಯಲ್ಲಿ ಬೇಯಿಸಿ ತೆಗೆದ ಉಪ್ಪು ಒನೇಗಾ ದಾರಿ ಹಿಡಿದು ಒಳನಾಡಿಗೆ ಬರುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಆ ವ್ಯಾಪಾರದ ಲಗಾಮು ಕಾರ್ಗೊಪೋಲ್ ವರ್ತಕರ ಕೈಯಲ್ಲಿತ್ತು. 1562ರಲ್ಲಿ ಕಟ್ಟಿದ ಕ್ರಿಸ್ತಜನನದ ಕ್ಯಾಥೆಡ್ರಲ್ ಆ ಸಿರಿಯ ಗುರುತು. 1765ರ ಅಗ್ನಿ ಅನಾಹುತದ ಬಳಿಕ ಅದರ ಮೂಲೆಗಳಿಗೆ ಕೊಟ್ಟ ದಪ್ಪನೆಯ ಆನಿಕೆ ಗೋಡೆಗಳು ಇಂದಿಗೂ ಕಾಣುತ್ತವೆ.

ನದಿಯ ಮಹತ್ವ ತಗ್ಗಿ ರೈಲಿನ ಕಾಲ ಬಂದಾಗ ಹಳಿ ಈ ಊರಿಗೆ ಬರಲಿಲ್ಲ. ಮಾಸ್ಕೋ–ಅರ್ಖಾಂಗೆಲ್ಸ್ಕ್ ಮಾರ್ಗ ಪೂರ್ವಕ್ಕೆ ಸರಿದು ಸಾಗಿತು. ಅತಿ ಹತ್ತಿರದ ನಿಲ್ದಾಣ ನ್ಯಾಂದೊಮಾ, ಸುಮಾರು 80 ಕಿ.ಮೀ. ಆಚೆ. ಊರು ಬೆಳೆಯಲಿಲ್ಲ, ಹಳೆಯ ಕಟ್ಟಡಗಳು ಉಳಿದವು.

ಹಳ್ಳಿಯಲ್ಲ, ಹಳ್ಳಿಗಳ ಗೊಂಚಲು

ಇಲ್ಲಿ ಒಂಟಿ ಹಳ್ಳಿಗಿಂತ ಹಳ್ಳಿಗಳ ಗೊಂಚಲು ಮುಖ್ಯ. ಒಶೆವೆನ್ಸ್ಕ್ ಎಂದು ಜನ ಕರೆಯುವ ಊರನ್ನೇ ನೋಡಿ. ಶಿರ್ಯಾಯಿಖಾ, ಪೊಗೊಸ್ತ್, ಬೊಲ್ಶೊಯ್ ಖಾಲುಯ್ ಮೊದಲಾದ ಹಳ್ಳಿಗಳು ಕೂಡಿದರೆ ಅದು ಒಶೆವೆನ್ಸ್ಕ್. ಪಕ್ಕದಲ್ಲೇ ಹರಿಯುವ ಖಾಲುಯ್ ನದಿ ಒಂದೆಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗಿ, ನೆಲದಡಿ ಸಾಗಿ, ಮತ್ತೆ ಮೇಲೇಳುತ್ತದೆ. ಇಂಥ ಗೊಂಚಲಿನ ನಡುವೆ ಮರದ ಚರ್ಚು, ಸುತ್ತ ಹೊಲ, ಅದರಾಚೆ ಕಾಡು. ಉತ್ತರದ ರೈತರು ನೆಲೆ ನಿಂತ ಬಗೆ ಇದು.

ಲ್ಯಾದಿನಿ ಎಂಬಲ್ಲಿ ಎರಡು ಮರದ ಚರ್ಚುಗಳೂ ಒಂದು ಗಂಟೆಗೋಪುರವೂ ಒಟ್ಟಿಗೆ ನಿಂತಿದ್ದವು. 2013ರ ಮೇ 5ರಂದು, ಈಸ್ಟರ್ ದಿನವೇ, ಸಿಡಿಲು ಬಡಿದು 1761ರ ಚರ್ಚೂ ಗೋಪುರವೂ ಸುಟ್ಟುಹೋದವು. ಉಳಿದದ್ದು ಒಂದೇ ಚರ್ಚು. ಮರದ ವಾಸ್ತುವನ್ನು ಕಾಯಲು ಬೆಂಕಿ ಆರಿಸುವವರು ಹತ್ತಿರವಿರಬೇಕು. ಇಲ್ಲಿ ದೂರದ ಬೆಲೆ ಅಷ್ಟು ದುಬಾರಿ.

ಚರ್ಚುಗಳಂತೆ ಕರಕುಶಲವೂ ಹಳ್ಳಿಗಳದ್ದೇ. ಗ್ರಿನೆವೊ ಹಳ್ಳಿಯ ಉಲ್ಯಾನಾ ಬಾಬ್ಕಿನಾ ಕೈಯಲ್ಲಿ ಈ ಸೀಮೆಯ ಮಣ್ಣಿನ ಗೊಂಬೆ ಕಲೆ ಉಳಿಯಿತು. ಮೇಲೆ ಗಡ್ಡದ ಗಂಡಸು, ಕೆಳಗೆ ನಾಲ್ಕು ಕಾಲಿನ ಪ್ರಾಣಿಯ ಮೈ: ಇವನು ಪೊಲ್ಕಾನ್, ಕಾರ್ಗೊಪೋಲ್ ಗೊಂಬೆಗಳ ನಾಯಕ. ಮಡಕೆ ಮಾಡುವ ಕುಂಬಾರರ ಕ್ರಮವೂ ಸೊಗಸು: ಬೆಂಕಿಯಿಂದ ತೆಗೆದ ಬಿಸಿ ಪಾತ್ರೆಯನ್ನು ಹಿಟ್ಟು ಕದಡಿದ ನೀರಿನಲ್ಲಿ ಅದ್ದುತ್ತಿದ್ದರು. ಹಿಟ್ಟು ಸೀದು ರಂಧ್ರ ಮುಚ್ಚುತ್ತಿತ್ತು, ಮೈಮೇಲೆ ಕಪ್ಪು ಚಿತ್ತಾರ ಮೂಡುತ್ತಿತ್ತು.

ಬದಲಾದ ಗೆರೆಗಳು

ತ್ಸಾರ್ ಕಾಲದಲ್ಲಿ ಕಾರ್ಗೊಪೋಲ್ ಸೀಮೆ ಒಲೊನೆತ್ಸ್ ಪ್ರಾಂತ್ಯದ ಒಂದು ಉಯೆಜ್ದ್, ಅಂದರೆ ಉಪವಿಭಾಗ. ಕ್ರಾಂತಿಯ ನಂತರ ವೊಲೊಗ್ದಾಕ್ಕೆ ಸೇರಿತು. 1929ರಲ್ಲಿ ಸೋವಿಯತ್ ಸರ್ಕಾರ ಹಳೆಯ ವಿಭಾಗಗಳನ್ನು ಅಳಿಸಿದಾಗ ಕಾರ್ಗೊಪೋಲ್ ರಯೋನ್ ಹುಟ್ಟಿತು. ಕೆಳಗೆ ಗ್ರಾಮ ಸೋವಿಯತ್‌ಗಳು. 1937ರಲ್ಲಿ ಅರ್ಖಾಂಗೆಲ್ಸ್ಕ್ ಒಬ್ಲಾಸ್ತ್ ರೂಪುಗೊಂಡಾಗ ಅದರೊಳಗೆ ಬಂತು. ಕೈದಿಗಳಿಂದ ಕಾಡು ಕಡಿಸಿದ ಕಾರ್ಗೊಪೋಲ್ ಶ್ರಮಶಿಬಿರ ಶುರುವಾದದ್ದೂ ಅದೇ ವರ್ಷ. ಈ ನೆಲದ ಚರಿತ್ರೆಯಲ್ಲಿ ಆ ಕ್ರೌರ್ಯವೂ ಇದೆ.

2003ರ ಸ್ಥಳೀಯ ಸ್ವಯಮಾಡಳಿತ ಕಾನೂನಿನ ನಂತರ ಪಟ್ಟಣಕ್ಕೊಂದು, ಗ್ರಾಮಾಂತರಕ್ಕೆ ಐದು ಸ್ಥಳೀಯ ಸಂಸ್ಥೆಗಳು ಬಂದವು. 2020ರಲ್ಲಿ ಆರೂ ವಿಲೀನಗೊಂಡು ಓಕ್ರುಗ್ ಎಂಬ ಒಂದೇ ಪುರಸಭಾ ಘಟಕ ಆಯಿತು. ಖರ್ಚು ಉಳಿಯುತ್ತದೆ, ಕೆಲಸ ಒಂದೇ ಕಡೆ ನಡೆಯುತ್ತದೆ ಎಂಬುದು ಇಂಥ ವಿಲೀನಗಳ ಪರವಾದ ವಾದ. 1989ರಿಂದ 2010ರ ನಡುವೆ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಪ್ರದೇಶದಲ್ಲಿ ಆ ವಾದಕ್ಕೆ ಬಲವಿದೆ. ಆದರೆ ಹಳ್ಳಿಯ ಅಜ್ಜಿಗೆ ತೀರ್ಮಾನ ಮಾಡುವವರು ಒಂದು ಹೆಜ್ಜೆ ದೂರ ಹೋದರು ಎಂಬುದೂ ಅಷ್ಟೇ ನಿಜ.

ದೆಹಲಿಯಲ್ಲಿ ಸಿಕ್ಕ ಮನ್ನಣೆ

ರಯೋನಿನ ಪಶ್ಚಿಮ ಭಾಗ ಮತ್ತು ನೆರೆಯ ಪ್ಲೆಸೆತ್ಸ್ಕ್ ರಯೋನಿನಲ್ಲಿ ಹಬ್ಬಿರುವ ಕೆನೊಜೆರೊ ರಾಷ್ಟ್ರೀಯ ಉದ್ಯಾನ 1991ರಲ್ಲಿ ಸ್ಥಾಪನೆಯಾಯಿತು. ಇಲ್ಲಿನ ಮಾಸೆಲ್ಗಾ ಬಳಿ ಎರಡು ಕೆರೆಗಳ ನಡುವಿನ ದಿಣ್ಣೆಯ ಒಂದು ಬದಿಯ ನೀರು ಶ್ವೇತ ಸಮುದ್ರಕ್ಕೆ, ಇನ್ನೊಂದು ಬದಿಯದು ಬಾಲ್ಟಿಕ್‌ಗೆ. ಉದ್ಯಾನದ ಮರದ ಪ್ರಾರ್ಥನಾ ಮಂದಿರಗಳಲ್ಲಿ ತಲೆಯೆತ್ತಿದರೆ 'ಆಕಾಶ' ಕಾಣುತ್ತದೆ: ನಡುವಿನ ವೃತ್ತದಲ್ಲಿ ಕ್ರಿಸ್ತ, ಅಲ್ಲಿಂದ ಕಿರಣಗಳಂತೆ ಹರಡಿದ ಹಲಗೆಗಳ ಮೇಲೆ ದೇವದೂತರು.

2024ರ ಜುಲೈನಲ್ಲಿ ನವದೆಹಲಿಯಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿ ಕೆನೊಜೆರೊವನ್ನು ಸಾಂಸ್ಕೃತಿಕ ಭೂದೃಶ್ಯವೆಂದು ಪಟ್ಟಿಗೆ ಸೇರಿಸಿತು. ಸಾಂಸ್ಕೃತಿಕ ಭೂದೃಶ್ಯ ಎಂದ ಮೇಲೆ ಅಲ್ಲಿ ಬಾಳುವ ಜನವೂ ಅದರ ಭಾಗವೇ. ಉಳುವವರಿಲ್ಲದ ಹೊಲವನ್ನು ಕೆಲವೇ ವರ್ಷಗಳಲ್ಲಿ ಕಾಡು ನುಂಗುತ್ತದೆ. ಮಕ್ಕಳಿಲ್ಲದ ಊರಿನ ಮಂದಿರ ಬೀಗ ಹಾಕಿದ ಮ್ಯೂಸಿಯಂ ಆಗುತ್ತದೆ. ಹಾಗಾಗಿ ಈ ಪರಂಪರೆಯ ಉಳಿವು ಕಾರ್ಗೊಪೋಲ್‌ನಂಥ ಸ್ಥಳೀಯ ಕಚೇರಿಗಳ ಬಜೆಟ್ಟಿನಲ್ಲಿ ಹಳ್ಳಿ ಶಾಲೆಗೂ ಹಳ್ಳಿ ರಸ್ತೆಗೂ ವರ್ಷ ವರ್ಷ ಸಿಗುವ ಹಣದ ಮೇಲೆ ನಿಂತಿದೆ.