ಟಿವಿ ಹಣ ಮತ್ತು ಅಮೆರಿಕದ ಕಾಲೇಜು ಫುಟ್‌ಬಾಲ್: ಕಳೆದುಹೋದ ನೆರೆಹೊರೆ

ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಸಾಗರಕ್ಕೆ ಸಮೀಪದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 2024ರಿಂದ ‘ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್’ ಎಂಬ ಕ್ರೀಡಾ ಒಕ್ಕೂಟದ ಸದಸ್ಯನಾಗಿದೆ. ‘ಬಿಗ್ ಟೆನ್’ ಎಂಬ ಇನ್ನೊಂದು ಒಕ್ಕೂಟದಲ್ಲಿರುವ ವಿಶ್ವವಿದ್ಯಾಲಯಗಳು 18. ‘ಬಿಗ್ 12’ ಎಂಬುದರಲ್ಲಿ 16. ಭೂಗೋಳವನ್ನೂ ಗಣಿತವನ್ನೂ ಬೋಧಿಸುವ ಸಂಸ್ಥೆಗಳೇ ಇವೆರಡನ್ನೂ ಮರೆತಂತೆ ಕಾಣುವ ಈ ಸ್ಥಿತಿಗೆ ಕಾರಣ ದೂರದರ್ಶನದ ಹಣ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಇದೇ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡುತ್ತಿರುವುದರಿಂದ, ಅಲ್ಲಿ ನಡೆದಿರುವುದೇನೆಂಬುದನ್ನು ಅರಿಯುವುದು ಅಪ್ರಸ್ತುತವಾಗಲಾರದು.

ಮೊದಲಿಗೆ ಆಟದ ಕುರಿತು ಎರಡು ಮಾತು. ಅಮೆರಿಕನ್ನರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಇದರ ಆರಂಭವೆಂದು ಪರಿಗಣಿಸಲಾಗುತ್ತದೆ. ವೃತ್ತಿಪರ ತಂಡಗಳು ಬಂದದ್ದು ಆಮೇಲೆ. ಶನಿವಾರದ ಕಾಲೇಜು ಪಂದ್ಯಗಳಿಗೆ ಅಲ್ಲಿ ಊರಹಬ್ಬದ ಸ್ಥಾನವಿದೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ 1,07,601 ಆಸನಗಳಿವೆಯೆಂದರೆ ಅದರ ವ್ಯಾಪ್ತಿಯನ್ನು ಊಹಿಸಬಹುದು.

ಕಾನ್ಫರೆನ್ಸ್ ಎಂಬುದು ಮೂಲತಃ ನೆರೆಯವರ ಒಕ್ಕೂಟ. ರೈಲಿನಲ್ಲಿ ಹೋಗಿ ಆಡಿ ಮರಳಬಹುದಾದ ದೂರದ ಕಾಲೇಜುಗಳು ಒಂದುಗೂಡಿ ನಿಯಮಗಳನ್ನೂ ವೇಳಾಪಟ್ಟಿಯನ್ನೂ ರೂಪಿಸಿಕೊಂಡವು. ಮಧ್ಯಪಶ್ಚಿಮ ರಾಜ್ಯಗಳಲ್ಲಿ 1896ರಲ್ಲಿ ಬಿಗ್ ಟೆನ್‌ನ ಮೂಲ ಒಕ್ಕೂಟವೂ, ಪಶ್ಚಿಮ ಕರಾವಳಿಯಲ್ಲಿ 1915ರಲ್ಲಿ ಮುಂದೆ ‘ಪ್ಯಾಕ್-12’ ಎನಿಸಿಕೊಂಡ ಪರಂಪರೆಯೂ ಹುಟ್ಟಿದ್ದು ಹೀಗೆ. ಪ್ರತಿವರ್ಷ ಅದೇ ನೆರೆಯವರೊಡನೆ ಸೆಣಸಾಡುವುದರಿಂದ ಮನೆಮನೆಯ ಜಿದ್ದು ಬೆಳೆಯಿತು. ಅಣ್ಣ ಒಂದು ಕಾಲೇಜು, ತಮ್ಮ ಇನ್ನೊಂದು ಕಾಲೇಜು ಎಂಬಂತಹ ಕುಟುಂಬಗಳಲ್ಲಿ ನವೆಂಬರಿನ ಪಂದ್ಯವೇ ವರ್ಷವಿಡೀ ಮಾತಿಗೆ ವಸ್ತು.

ದೂರದರ್ಶನ ಬಂದಾಗ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಅದಕ್ಕೆ ಹೆದರಿತು. ಮನೆಯಲ್ಲೇ ಆಟ ಕಂಡರೆ ಕ್ರೀಡಾಂಗಣಕ್ಕೆ ಬರುವವರು ಯಾರು? ಆದುದರಿಂದ 1950ರ ದಶಕದಿಂದಲೇ ಅದು ಪ್ರಸಾರವಾಗುವ ಪಂದ್ಯಗಳ ಸಂಖ್ಯೆಯನ್ನು ಮಿತಿಗೊಳಿಸಿತು. ಈ ಹಿಡಿತವನ್ನು ಪ್ರಶ್ನಿಸಿ ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಪರವಾಗಿ ದಾವೆ ಹೂಡಲಾಯಿತು. 1984ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು 7-2ರ ಬಹುಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರು ಯೌವನದಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದರು ಎಂಬುದು ಗಮನಾರ್ಹ. ಆ ತೀರ್ಪಿನ ಬಳಿಕ ಪಂದ್ಯಗಳನ್ನು ಮಾರುವ ಹಕ್ಕು ಕಾಲೇಜುಗಳ ಕೈಗೂ, ಕ್ರಮೇಣ ಅವುಗಳ ಒಕ್ಕೂಟಗಳ ಕೈಗೂ ಬಂದಿತು. ನೆರೆಯವರ ಕೂಟವು ವ್ಯಾಪಾರಿ ಸಂಸ್ಥೆಯಾದದ್ದು ಇಲ್ಲಿಂದ.

ವ್ಯಾಪಾರದ ಲೆಕ್ಕಾಚಾರ ಕೇಬಲ್ ಯುಗದಲ್ಲಿ ಒಂದು ಬಗೆಯಾಗಿತ್ತು. ಬಿಗ್ ಟೆನ್ 2007ರಲ್ಲಿ ತನ್ನದೇ ವಾಹಿನಿಯನ್ನು ಆರಂಭಿಸಿತು. ವಾಹಿನಿಯು ಕೇಬಲ್ ಕಂತಿನೊಳಗೆ ಸೇರಿದರೆ, ಆಟ ನೋಡದ ಮನೆಯವರೂ ತಿಂಗಳು ತಿಂಗಳು ಅದಕ್ಕೆ ಹಣ ತೆತ್ತಂತೆಯೇ. ಹಾಗಾಗಿ ಗೆಲ್ಲುವ ತಂಡಕ್ಕಿಂತ ಹೆಚ್ಚು ಮನೆಗಳಿರುವ ಊರು ಮುಖ್ಯವಾಯಿತು. ಫುಟ್‌ಬಾಲಿನಲ್ಲಿ ಅಷ್ಟೇನೂ ಹಿರಿಮೆಯಿಲ್ಲದ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ 2014ರಲ್ಲಿ ಬಿಗ್ ಟೆನ್ ಸೇರಿದ್ದರ ಹಿಂದೆ ಸಮೀಪದ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮಹಾನಗರಗಳ ಲಕ್ಷಾಂತರ ಮನೆಗಳಿದ್ದವು.

ಮುಂದೆ ಜನರು ಕೇಬಲ್ ಸಂಪರ್ಕವನ್ನೇ ಕೈಬಿಟ್ಟು ಅಂತರ್ಜಾಲದತ್ತ ಹೊರಳಿದಾಗ ಲೆಕ್ಕ ಬದಲಾಯಿತು. ನೇರ ಪ್ರಸಾರವಾಗುವ ಆಟವನ್ನುಳಿದು ಲಕ್ಷಾಂತರ ಜನರನ್ನು ಒಂದೇ ಹೊತ್ತಿನಲ್ಲಿ ಪರದೆಯ ಮುಂದೆ ಕೂರಿಸುವ ಕಾರ್ಯಕ್ರಮಗಳು ವಿರಳವಾದವು. ದೊಡ್ಡ ಹೆಸರಿನ ತಂಡಗಳು ಪರಸ್ಪರ ಆಡಿದಷ್ಟೂ ಬೆಲೆ ಏರಿತು. 2021ರಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮ ದಕ್ಷಿಣದ ಬಲಿಷ್ಠ ಒಕ್ಕೂಟವಾದ ಎಸ್‌ಇಸಿ ಸೇರಲು ನಿರ್ಧರಿಸಿದವು. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೊರಟವು. ಎರಡೇ ತಿಂಗಳೊಳಗೆ ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ಜಾಲಗಳೊಡನೆ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೌಲ್ಯ 700 ಕೋಟಿ ಡಾಲರಿಗೂ ಮಿಗಿಲೆಂದು ವರದಿಯಾಯಿತು. ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು 2022ರಲ್ಲಿ 48,390 ಕೋಟಿ ರೂಪಾಯಿಗೆ ಹರಾಜಾದುದನ್ನು ಕಂಡಿರುವ ನಮಗೆ ಈ ಮೊತ್ತ ಬೆರಗು ತರದಿರಬಹುದು. ಬೆರಗಿನ ಸಂಗತಿಯೆಂದರೆ, ಇಲ್ಲಿ ಮಾರಾಟಗಾರರು ವಿದ್ಯಾಸಂಸ್ಥೆಗಳು.

ಇದರ ಪರಿಣಾಮವನ್ನು ಆರೆಗನ್ ರಾಜ್ಯದಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ಕಾಣಲಾಗದು. ಯುಜೀನ್ ಪಟ್ಟಣದ ಆರೆಗನ್ ವಿಶ್ವವಿದ್ಯಾಲಯ ಹಾಗೂ ಅಲ್ಲಿಂದ ಸುಮಾರು 65 ಕಿ.ಮೀ. ದೂರದ ಕೊರ್ವಾಲಿಸ್ ಪಟ್ಟಣದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯಗಳು 1894ರಿಂದ ಪರಸ್ಪರ ಆಡುತ್ತ ಬಂದಿವೆ. 2022ರ ನವೆಂಬರಿನಲ್ಲಿ ಆರೆಗನ್ ಸ್ಟೇಟ್ 10-31ರಿಂದ ಹಿಂದುಳಿದಿದ್ದೂ ಕೊನೆಗೆ 38-34ರಿಂದ ನೆರೆಯವನನ್ನು ಮಣಿಸಿತು. ಆ ಋತುವಿನಲ್ಲಿ ಒಟ್ಟು 10 ಪಂದ್ಯಗಳನ್ನು ಗೆದ್ದಿತು. 16 ಕೋಟಿ ಡಾಲರಿಗೂ ಹೆಚ್ಚು ವೆಚ್ಚದಲ್ಲಿ ತನ್ನ ಕ್ರೀಡಾಂಗಣವನ್ನೂ ನವೀಕರಿಸುತ್ತಿತ್ತು. ಇಷ್ಟರಲ್ಲಿ ಪ್ಯಾಕ್-12ರ ಟಿವಿ ಒಪ್ಪಂದದ ಅವಧಿ ಮುಗಿಯುತ್ತ ಬಂದಿತ್ತು. ಹೊಸದಾಗಿ ದೊರೆತ ಪ್ರಸ್ತಾವವು ಆಪಲ್ ಸಂಸ್ಥೆಯ ಅಂತರ್ಜಾಲ ಪ್ರಸಾರದ್ದು. ಚಂದಾದಾರರು ಹೆಚ್ಚಿದಂತೆ ಹಣ ಹೆಚ್ಚುವ ಕ್ರಮ. 2023ರ ಆಗಸ್ಟ್ 4ರ ಒಂದೇ ದಿನ ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೂ, ಆರಿಜೋನಾ, ಆರಿಜೋನಾ ಸ್ಟೇಟ್ ಮತ್ತು ಯೂಟಾ ಬಿಗ್ 12ಕ್ಕೂ ಹೊರಟವು. ತಿಂಗಳೊಳಗೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ತಮ್ಮ ಪಾಲನ್ನು ತಗ್ಗಿಸಿಕೊಂಡು ಅಟ್ಲಾಂಟಿಕ್ ಕೂಟವನ್ನು ಸೇರಿದವು. ಶತಮಾನ ದಾಟಿದ ಪರಂಪರೆಯಲ್ಲಿ ಉಳಿದದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎಂಬ ಎರಡೇ ತಂಡಗಳು.

ಮೈದಾನದಲ್ಲಿ ಗೆದ್ದವನು ಹೊರಗುಳಿದ. ಸೋತ ನೆರೆಯವನಿಗೆ ದೊಡ್ಡ ಮನೆಯ ಬಾಗಿಲು ತೆರೆಯಿತು. ಆಟದ ಕೌಶಲ್ಯವನ್ನು ಅಳೆಯುವ ಕೋಲು ಬೇರೆ, ಅದರ ಮಾರುಕಟ್ಟೆಯನ್ನು ಅಳೆಯುವ ಕೋಲು ಬೇರೆ. ಉಳಿದ ಇಬ್ಬರು ನ್ಯಾಯಾಲಯದ ಮೂಲಕ ಒಕ್ಕೂಟದ ಆಡಳಿತವನ್ನು ತಮ್ಮ ವಶದಲ್ಲಿರಿಸಿಕೊಂಡು, ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದ ಸಂಸ್ಥೆಗಳನ್ನು 2026ರಿಂದ ಸೇರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಆರೆಗನ್‌ನ ಎರಡು ತಂಡಗಳು 2024 ಮತ್ತು 2025ರಲ್ಲಿ ಆಡಿದ್ದು ನಿಜ, ಆದರೆ ಸೆಪ್ಟೆಂಬರಿನಲ್ಲಿ. ಋತುವಿನ ಕೊನೆಯ ಆ ನವೆಂಬರ್ ದಿನ ಈಗ ಬೇರೆಯವರ ಪಾಲು.

ಒಂದೇ ಆಡಳಿತ ಮಂಡಳಿಯ ಕೆಳಗಿರುವ ಸಂಸ್ಥೆಗಳ ನಡುವೆಯೂ ಇದು ಬಿರುಕು ತಂದಿತು. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಕ್ಯಾಲಿಫೋರ್ನಿಯಾ ರಾಜ್ಯದ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದವು. ತಂಗಿಯನ್ನು ಬಿಟ್ಟು ಹೋದ ಅಕ್ಕ ಪರಿಹಾರ ಕೊಡಬೇಕೆಂಬಂತೆ, ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರನ್ನು ಬರ್ಕ್ಲಿಗೆ ನೀಡಬೇಕೆಂದು ಮಂಡಳಿಯು 2024ರಲ್ಲಿ ನಿರ್ಣಯಿಸಿತು.

ಫುಟ್‌ಬಾಲ್ ತಂಡವು ಋತುವಿನಲ್ಲಿ ಆಡುವ ಸಾಮಾನ್ಯ ಪಂದ್ಯಗಳು 12. ದೂರ ಪ್ರಯಾಣವೂ ಬಹುಪಾಲು ವಾರಾಂತ್ಯದಲ್ಲಿ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ವಿದ್ಯಾರ್ಥಿನಿಯರ ಸ್ಥಿತಿ ಬೇರೆ. ಅವರ ಪಂದ್ಯಗಳು ಹೆಚ್ಚು, ವಾರದ ನಡುವೆಯೂ ಇರುತ್ತವೆ. ಲಾಸ್ ಏಂಜಲೀಸ್‌ನಿಂದ ಸುಮಾರು 4,000 ಕಿ.ಮೀ. ದೂರದ ನ್ಯೂಜೆರ್ಸಿಗೆ ಹಾರಿ, ಮೂರು ಗಂಟೆಗಳ ಕಾಲಮಾನದ ವ್ಯತ್ಯಾಸವನ್ನು ಸಹಿಸಿ, ಮರಳಿ ತರಗತಿಗೆ ಕೂರಬೇಕು. ಈ ಒಪ್ಪಂದಗಳಿಂದ ಅತ್ಯಲ್ಪ ಲಾಭ ಪಡೆದು ಅತ್ಯಧಿಕ ದಣಿವನ್ನು ಹೊತ್ತವರು ಇವರೇ ಎಂದು ನನಗನಿಸುತ್ತದೆ.

ಇನ್ನು ಆಟಗಾರರ ಪಾಲು. ದೀರ್ಘಕಾಲ ವಿದ್ಯಾರ್ಥಿವೇತನವನ್ನು ಮೀರಿ ಅವರಿಗೆ ಏನನ್ನೂ ಕೊಡುವಂತಿರಲಿಲ್ಲ. 2021ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಎನ್‌ಸಿಎಎ ವಿರುದ್ಧ ಸರ್ವಾನುಮತದ ತೀರ್ಪು ನೀಡಿತು. ಮರುತಿಂಗಳಿನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಜಾಹೀರಾತಿನ ಹಣ ಗಳಿಸಲು ಅವಕಾಶವಾಯಿತು. 2025ರ ಜೂನ್‌ನಲ್ಲಿ ಅಂಗೀಕೃತವಾದ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು; ಪ್ರತಿ ವಿಶ್ವವಿದ್ಯಾಲಯವೂ ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ಆಟಗಾರರೊಡನೆ ನೇರವಾಗಿ ಹಂಚಿಕೊಳ್ಳಬಹುದು. ನ್ಯಾಯವಾದುದೇ, ಸಂದೇಹವಿಲ್ಲ. ಆದರೆ ಈಜು, ಟೆನಿಸ್, ಕುಸ್ತಿ ಮುಂತಾದ ಆಟಗಳು ಬದುಕಿದ್ದು ಬಹುತೇಕ ಕಡೆ ಫುಟ್‌ಬಾಲಿನ ಆದಾಯದಿಂದಲೇ. ಹೊಸ ವೆಚ್ಚ ಬಂದಂತೆ ಟಿವಿ ಹಣದ ಹಸಿವೂ ಹೆಚ್ಚಿತು.

ಲಾಭವೇ ಇಲ್ಲವೆಂದಲ್ಲ. 2011ರ ಬಳಿಕ ನಿಂತಿದ್ದ ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ ನಡುವಿನ ಹಳೆಯ ಪಂದ್ಯ 2024ರಲ್ಲಿ ಮತ್ತೆ ಆರಂಭವಾಯಿತು, ಇಬ್ಬರೂ ಒಂದೇ ಒಕ್ಕೂಟಕ್ಕೆ ಬಂದುದರಿಂದ. ಅದೇ ಬದಲಾವಣೆಯಿಂದ ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನಡುವಿನ ವಾರ್ಷಿಕ ಪಂದ್ಯವು 2023ರ ನವೆಂಬರ್‌ಗೆ ನಿಂತುಹೋಯಿತು. ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಹಂತಕ್ಕೆ 2024ರಿಂದ ನಾಲ್ಕರ ಬದಲು 12 ತಂಡಗಳಿಗೆ ಪ್ರವೇಶ ದೊರೆಯಿತು. 2026ರಿಂದ ಆರು ವರ್ಷ ಅದರ ಪ್ರಸಾರಕ್ಕಾಗಿ ಇಎಸ್‌ಪಿಎನ್ ತೆರಲಿರುವುದು ವರ್ಷಕ್ಕೆ ಸುಮಾರು 130 ಕೋಟಿ ಡಾಲರ್. ಅದರಲ್ಲಿ ಸಿಂಹಪಾಲು ಬಿಗ್ ಟೆನ್ ಮತ್ತು ಎಸ್‌ಇಸಿಗಳದ್ದು. ಬಿಗ್ ಟೆನ್‌ನ ಈಗಿನ ಟಿವಿ ಒಪ್ಪಂದವು 2030ರಲ್ಲಿ ಮುಗಿಯಲಿದ್ದು, ನಕಾಶೆಯನ್ನು ಮತ್ತೊಮ್ಮೆ ಬರೆಯುವ ಮಾತುಕತೆಗಳು ಅದಕ್ಕೂ ಮೊದಲೇ ತೊಡಗುವುದು ನಿಶ್ಚಿತ.