‘ಮತ್ತಾಯನು ಬರೆದ ಸುವಾರ್ತೆ’ಯನ್ನು ಬರೆದವರು ಯಾರು?

ಒಂದು ತಪ್ಪು ಒಪ್ಪಿಕೊಂಡೇ ಶುರು ಮಾಡ್ತೀನಿ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಕಾರ್ಯಕ್ರಮದಲ್ಲಿ ಮಾತಿನ ಭರಕ್ಕೆ ನಾನೊಂದು ವಾಕ್ಯ ಹೇಳಿಬಿಟ್ಟೆ. ಬೈಬಲ್‌ನ ಹೊಸ ಒಡಂಬಡಿಕೆಯನ್ನು ಯೇಸು ಹೋಗಿ ಮುನ್ನೂರು ವರ್ಷ ಆದಮೇಲೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕೂತು ಬರೆಸಿದ ಅಂತ. ಎಲ್ಲಿಂದ ಬಂತು ಈ ಮಾಹಿತಿ? ನಾಚಿಕೆ ಬಿಟ್ಟು ಹೇಳ್ತೀನಿ, ವಾಟ್ಸ್‌ಆ್ಯಪ್‌ನಿಂದ. ಮಾರನೇ ದಿನ ಆ ತುಣುಕು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗ್ರೂಪುಗಳಲ್ಲೆಲ್ಲ ಓಡಾಡಿತು. ಅಣಕಿಸಬೇಕು ಅಂತಿದ್ದವರಿಗೆ ನನ್ನ ಮುಖವೇ ಸಾಕ್ಷಿ ಆಯಿತು.

ಮೂರನೇ ದಿನ ಬೆಟಗೇರಿಯಿಂದ ಫೋನು. ನಿವೃತ್ತ ಮಾಸ್ತರರು. ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. “ಸರ್, ದಿನಾ ರಾತ್ರಿ ಮಂತ್ರಿಗಳಿಗೆ ದಾಖಲೆ ಎಲ್ಲೈತ್ರಿ ಅಂತ ಕೇಳ್ತೀರಿ. ಇದಕ್ಕ ದಾಖಲೆ ಎಲ್ಲೈತ್ರಿ?”

ಇರಲಿಲ್ಲ. ಇಲ್ಲವೇ ಇಲ್ಲ. ಕಾನ್‌ಸ್ಟಂಟೈನ್ ಕರೆದ ನೈಸೀಯ ಸಭೆ ನಡೆದದ್ದು 325ರಲ್ಲಿ. ಅಲ್ಲಿ ಬೈಬಲ್ ಬರೆಯಲೂ ಇಲ್ಲ, ಯಾವ ಪುಸ್ತಕ ಸೇರಬೇಕು ಅಂತ ತೀರ್ಮಾನಿಸಲೂ ಇಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಪಪೈರಸ್ ಚೂರು ಇದೆ. ಅದರ ಮೇಲೆ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಕೆಲವು ಸಾಲು. ಅಕ್ಷರದ ವರಸೆ ನೋಡಿ 2ನೇ ಶತಮಾನದ್ದು ಅಂತಾರೆ. ಅಂದರೆ ಕಾನ್‌ಸ್ಟಂಟೈನ್ ಹುಟ್ಟೋಕೂ ಮುಂಚಿನದು. ನನ್ನ ವಾಕ್ಯ ಅಲ್ಲಿಗೆ ಮುಗೀತು.

ಮಾಸ್ತರರು ಬಿಡಲಿಲ್ಲ. “ಹಂಗಾದ್ರ ಮತ್ತಾಯನ ಸುವಾರ್ತೆ ಮತ್ತಾಯನೇ ಬರದಾನೋ ಇಲ್ಲೋ? ನಮ್ಮ ಮೊಮ್ಮಗ ಕಾಲೇಜಿನಿಂದ ಬಂದಾಗೊಮ್ಮೆ ಇದಕ್ಕ ಜಗಳಾ ತಗೀತಾನ. ಚರ್ಚಿಗೆ ಬರೂದ ಬಿಟ್ಟಾನ್ರಿ.” ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಆ ಕಾಲದಿಂದ ಬೈಬಲ್ ಓದಿಕೊಂಡು ಬಂದ ಮನೆತನ ಅವರದ್ದು. ಅಂಥವರಿಗೆ ಫೋನಲ್ಲಿ ಎರಡು ಮಾತು ಹೇಳಿ ಇಟ್ಟುಬಿಡೋಕೆ ಆಗುತ್ತಾ? ಓದಿಕೊಂಡೆ, ನಾಲ್ಕು ವಾರ ಬಿಟ್ಟು ಅವರ ಮನೆಗೇ ಹೋದೆ.

ಈಗ ವಿಷಯಕ್ಕೆ ಬರೋಣ. ಮೊದಲು ತಲೆಬರಹ ನೋಡಿ. ಕನ್ನಡ ಬೈಬಲ್‌ನಲ್ಲಿ ‘ಮತ್ತಾಯನು ಬರೆದ ಸುವಾರ್ತೆ’ ಅಂತ ಇದೆ. ಮೂಲ ಗ್ರೀಕಿನಲ್ಲಿ ‘ಬರೆದ’ ಅನ್ನೋ ಪದವೇ ಇಲ್ಲ. ‘ಮತ್ತಾಯನ ಪ್ರಕಾರ’ ಅಂತ ಅಷ್ಟೇ. ಆ ತಲೆಬರಹವೂ ಆಮೇಲೆ ಸೇರಿದ್ದು ಅಂತ ಹೆಚ್ಚಿನ ವಿದ್ವಾಂಸರ ಮಾತು. ಪುಸ್ತಕದ ಒಳಗೆ ಎಲ್ಲೂ ‘ಮತ್ತಾಯನಾದ ನಾನು ಬರೆದೆ’ ಅಂತ ಇಲ್ಲ. ನಾಲ್ಕು ಸುವಾರ್ತೆಗಳಿಗೂ ನಾಲ್ಕು ಹೆಸರು ಹೇಳಿ ಸ್ಪಷ್ಟವಾಗಿ ಬರೆದಿಟ್ಟವನು ಐರೇನಿಯಸ್ ಅನ್ನೋ ಬಿಷಪ್, ಸುಮಾರು 180ರಲ್ಲಿ.

ಇನ್ನೊಂದು ತೊಡಕು ಇದೆ. ಮಾರ್ಕನ ಸುವಾರ್ತೆಯ ಬಹುಪಾಲು ವಿಷಯ ಮತ್ತಾಯನಲ್ಲಿ ಮತ್ತೆ ಬರುತ್ತೆ, ಎಷ್ಟೋ ಕಡೆ ಮಾತಿಗೆ ಮಾತು ಅದೇ. ಮಾರ್ಕ ಹನ್ನೆರಡು ಶಿಷ್ಯರಲ್ಲಿ ಒಬ್ಬನಲ್ಲ. ಮತ್ತಾಯ ಶಿಷ್ಯ. ಕಣ್ಣಾರೆ ನೋಡಿದವನು ನೋಡದವನ ಪುಸ್ತಕ ಇಟ್ಟುಕೊಂಡು ಬರೀತಾನಾ? ಅದಕ್ಕೇ ಬಹಳ ವಿದ್ವಾಂಸರು ಇದನ್ನು ಬರೆದವನು ಹೆಸರು ಹೇಳದ ಇನ್ನೊಬ್ಬ ಅಂತಾರೆ. ಲೂಕನಂತೂ ಶುರುವಿನಲ್ಲೇ ಒಪ್ಪಿಕೊಳ್ತಾನೆ, ತನಗಿಂತ ಮುಂಚೆ ಅನೇಕರು ಬರೆದಿದ್ದಾರೆ, ತಾನು ವಿಚಾರಿಸಿ ಬರೀತಿದ್ದೀನಿ ಅಂತ. ವರದಿಗಾರರಿಗೆ ಇಷ್ಟವಾಗೋ ಮಾತು ಇದು.

ಕಾಲದ ಲೆಕ್ಕ ಹೇಗೆ? ಇಲ್ಲಿ ಗದಗ ಜಿಲ್ಲೆಯವರಿಗೆ ಅರ್ಥವಾಗೋ ಒಂದು ಸಂಗತಿ ಹೇಳ್ತೀನಿ, ಶಾಸನ. ಲಕ್ಷ್ಮೇಶ್ವರದಲ್ಲಿ ಕಲ್ಲು ಓದಿಯೇ ಅಲ್ಲವೇ ನಾವು ಹಳೇ ಪುಲಿಗೆರೆಯ ಚರಿತ್ರೆ ತಿಳಿದದ್ದು? ಗ್ರೀಸ್ ದೇಶದ ಡೆಲ್ಫಿಯಲ್ಲೂ ಒಂದು ಕಲ್ಲು ಸಿಕ್ಕಿತು, ಚೂರು ಚೂರಾಗಿ. ಕ್ಲಾಡಿಯಸ್ ಚಕ್ರವರ್ತಿಯ ಪತ್ರ ಅದರಲ್ಲಿ ಕೆತ್ತಿದೆ, ಗಲ್ಲಿಯೋ ಅನ್ನೋ ಅಧಿಕಾರಿಯ ಹೆಸರಿದೆ. ಬಿರುದಿನ ಎಣಿಕೆಯಿಂದ ವರ್ಷ ಸುಮಾರು 52 ಅಂತ ಗೊತ್ತಾಗುತ್ತೆ. ಈ ಗಲ್ಲಿಯೋನ ಎದುರಿಗೇ ಪೌಲನನ್ನು ಕೊರಿಂಥದಲ್ಲಿ ಎಳೆದು ತಂದರು ಅಂತ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತೆ. ಒಂದು ಗೂಟ ಗಟ್ಟಿಯಾಗಿ ನಾಟಿತು. ಅದಕ್ಕೆ ಹಗ್ಗ ಕಟ್ಟಿ ಉಳಿದದ್ದನ್ನು ಅಳೀತಾರೆ. ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರ ಸುಮಾರು 50ನೇ ಇಸವಿಯದು. ಅಂದರೆ ಹೊಸ ಒಡಂಬಡಿಕೆಯಲ್ಲಿ ಹಳೆಯದು ಸುವಾರ್ತೆ ಅಲ್ಲ, ಕಾಗದ! ಪೌಲನ ಹೆಸರಲ್ಲಿ 13 ಪತ್ರ ಇವೆ, ತಕರಾರಿಲ್ಲದೆ ಅವನವೇ ಅಂತ ಒಪ್ಪೋದು 7.

ಮಾರ್ಕನ ಸುವಾರ್ತೆ 70ರ ಆಸುಪಾಸು ಅಂತಾರೆ. ಆ ವರ್ಷ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು, ಮಾರ್ಕನಲ್ಲಿ ಅದರ ಮಾತು ಬರುತ್ತೆ. ಇಲ್ಲಿ ನನಗೆ ಪಂಡಿತರ ಬಗ್ಗೆ ಸಣ್ಣ ತಕರಾರಿದೆ. ಭವಿಷ್ಯವಾಣಿ ಆಗೋದೇ ಇಲ್ಲ ಅಂತ ಮೊದಲೇ ನಿರ್ಧರಿಸಿ ಇಸವಿ ಹಾಕಿದರೆ ನಂಬೋರು ಹೇಗೆ ಒಪ್ತಾರೆ? ಊರಿಗೆ ಆಪತ್ತು ಕಾದಿದೆ ಅಂತ ಮೊದಲೇ ಗ್ರಹಿಸೋಕೆ ಪವಾಡವೂ ಬೇಕಿಲ್ಲ. ಹಾಗಾಗಿ ಆ ವಾದ ಒಂದನ್ನೇ ನಂಬಿ ನಾನು ಇಸವಿ ಹಾಕಲ್ಲ.

ಮಾಸ್ತರರ ಮುಖ ಸಪ್ಪಗಾಗಿತ್ತು. ಆಗ ವೀರನಾರಾಯಣ ಗುಡಿಯ ಮಾತು ತೆಗೆದೆ. ಕುಮಾರವ್ಯಾಸ ಅನ್ನೋದು ಕವಿ ಇಟ್ಟುಕೊಂಡ ಹೆಸರು, ನಾರಣಪ್ಪ ಅಂತ ಪರಂಪರೆ ಹೇಳುತ್ತೆ. ಕಾಲ? ವಿದ್ವಾಂಸರು ಇಂದಿಗೂ ಜಗ್ಗಾಡ್ತಾರೆ. ಅವನು ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಹಾಗಾಗಿ ಅದಕ್ಕೆ ಮುಂಚೆ ಅಂತ ಹೇಳಬಹುದು. ಪುಲಿಗೆರೆಯ ತಿರುಳ್ಗನ್ನಡದ ಪಂಪನಾದರೋ ಆದಿಪುರಾಣಕ್ಕೆ ಶಕವರ್ಷ 863 ಅಂತ ತಾನೇ ಹೇಳಿಟ್ಟ, ನಮ್ಮ ಲೆಕ್ಕಕ್ಕೆ 941. ಎಲ್ಲರೂ ಪಂಪನಷ್ಟು ಅಚ್ಚುಕಟ್ಟಲ್ಲ! ಇಸವಿ ಸಿಗಲಿಲ್ಲ ಅಂತ ಗದುಗಿನ ಭಾರತ ಓದೋದನ್ನು ಯಾರಾದರೂ ಬಿಟ್ಟಿದ್ದಾರಾ?

“ಅದು ಕಾವ್ಯರೀ, ಇದು ದೇವರ ವಾಕ್ಯ,” ಅಂದರು ಮಾಸ್ತರರು. ಖರೇ ಮಾತು. ನನ್ನ ಹೋಲಿಕೆ ಅಲ್ಲಿ ಕುಂಟಿತು, ಒಪ್ಪಿಕೊಂಡೆ.

ಆಮೇಲೆ ಇನ್ನೊಂದು ಸಂಗತಿ ಹೇಳಿದೆ. ಈ ಪ್ರಶ್ನೆಗಳನ್ನು ಮೊದಲು ಎತ್ತಿದವರು ಧರ್ಮದ ವೈರಿಗಳಲ್ಲ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್, ಸುವಾರ್ತೆಯ ಯೋಹಾನನ ಗ್ರೀಕೂ ಪ್ರಕಟನೆಯ ಯೋಹಾನನ ಗ್ರೀಕೂ ಒಂದೇ ಅಲ್ಲ, ಇಬ್ಬರೂ ಬೇರೆ ಅಂತ ಬರೆದ. ಇಬ್ರಿಯರಿಗೆ ಬರೆದ ಪತ್ರ ಯಾರದು ಅಂತ ಕೇಳಿದರೆ, ಅದು ದೇವರಿಗೇ ಗೊತ್ತು ಅಂದವನು ಆರಿಜನ್, ಸಭೆಯ ದೊಡ್ಡ ಪಂಡಿತ. ಇವರ‍್ಯಾರೂ ಆ ಪುಸ್ತಕಗಳನ್ನು ಓದೋದು ಬಿಡಲಿಲ್ಲ.

ಮಾಸ್ತರರು ಎದ್ದು ಒಳಗಿನಿಂದ ಬೈಬಲ್ ತಂದರು. ತಲೆಬರಹದ ‘ಬರೆದ’ ಅನ್ನೋ ಪದದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

“ಮೊಮ್ಮಗಗ ಇದನ್ನ ನಾನ ಹೇಳ್ತೀನ್ರಿ. ಟಿವಿ ಒಳಗ ನೋಡಿ ಅಂವಾ ಹೇಳೂದು ಬ್ಯಾಡ,” ಅಂದರು. ಆಮೇಲೆ ಪುಸ್ತಕ ಮುಚ್ಚುತ್ತಾ, “ಆದ್ರ ಯೋಹಾನನ ಸುವಾರ್ತೆ ಮಾತ್ರ ನಾ ಬಿಟ್ಟುಕೊಡಂಗಿಲ್ಲ ನೋಡ್ರಿ.”

ಅದಕ್ಕೆ ಇನ್ನೊಂದು ಸಲ ಬರ್ತೀನಿ ಅಂದೆ. ಅಷ್ಟರಲ್ಲಿ ಚಹಾ ಬಂತು.