ಪಿಂಕ್ ಕೊಡಿ ಅಂದ್ರೆ ಯಾವ ಪಿಂಕ್? ಸೌದಿ ವಾರ್ಡಿನಲ್ಲಿ ಉಪಕರಣಗಳ ಹೆಸರು

ಇವತ್ತಿನ ಸಂಚಿಕೆಯ ವಿಷಯ ಆಸ್ಪತ್ರೆಯ ಸಾಮಾನುಗಳ ಇಂಗ್ಲಿಷ್ ಹೆಸರುಗಳು. ಇದರಲ್ಲಿ ವಿಜ್ಞಾನ ಏನಿದೆ, ಬರೀ ಪದಗಳ ಪಟ್ಟಿ ಬಾಯಿಪಾಠ ಮಾಡೋ ಕೆಲಸ ಅಲ್ವಾ ಅಂತ ಅನ್ನಿಸಬಹುದು. ಒಂದು ಸಣ್ಣ ಉದಾಹರಣೆ ನೋಡಿ. ವಾರ್ಡಿನಲ್ಲಿ ಯಾರೋ ಅವಸರದಲ್ಲಿ "ಒಂದು ಪಿಂಕ್ ಕೊಡಿ" ಅಂತಾರೆ. ಕೈಯ ರಕ್ತನಾಳಕ್ಕೆ ಹಾಕಿ ಬಿಡುವ ಕ್ಯಾನುಲಾದಲ್ಲಿ ಪಿಂಕ್ ಅಂದ್ರೆ 20 ಗೇಜ್. ಇಂಜೆಕ್ಷನ್ ಸೂಜಿಯಲ್ಲಿ ಪಿಂಕ್ ಅಂದ್ರೆ 18 ಗೇಜ್. ಎರಡೂ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರವೇ ಇವೆ. ಆದರೆ ಎರಡು ಬೇರೆ ಬೇರೆ ಮಾನದಂಡಗಳು. ಒಂದೇ ಮಾತು, ಎರಡು ವಸ್ತು. ಇವತ್ತು ನಾವು ಮಾತಾಡೋದು ಈ ಅಂತರದ ಬಗ್ಗೆ.

ಇದನ್ನು ಸೌದಿ ಅರೇಬಿಯಾದ ಆಸ್ಪತ್ರೆಗಳ ಮೂಲಕ ನೋಡೋದಕ್ಕೆ ಕಾರಣ ಇದೆ. ಮಂಗಳೂರು, ಉಡುಪಿ, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಂದಿ ರಿಯಾದ್, ಜೆದ್ದಾ, ದಮ್ಮಾಮ್‌ಗಳಲ್ಲಿ ಕೆಲಸ ಮಾಡ್ತಾರೆ. ಅಲ್ಲಿ ರೋಗಿಯ ಭಾಷೆ ಅರೇಬಿಕ್. ಪಕ್ಕದಲ್ಲಿರೋ ನರ್ಸ್ ಫಿಲಿಪ್ಪೀನ್ಸ್‌ನವರಿರಬಹುದು, ಕೇರಳದವರಿರಬಹುದು. ಡಾಕ್ಟರ್ ಈಜಿಪ್ಟ್‌ನವರೋ ಸುಡಾನ್‌ನವರೋ ಆಗಿರಬಹುದು. ಇವರೆಲ್ಲರ ನಡುವಿನ ಕೆಲಸದ ಭಾಷೆ ಇಂಗ್ಲಿಷ್. ಚಾರ್ಟ್ ಬರೆಯೋದು, ಸ್ಟೋರಿಗೆ ಸಾಮಾನು ಕೇಳೋದು, ಶಿಫ್ಟ್ ಬದಲಾಗುವಾಗ ಒಪ್ಪಿಸೋದು ಎಲ್ಲಾ ಅದರಲ್ಲೇ. ಕೆಲಸಕ್ಕೆ ಸೇರೋ ಮೊದಲು ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್ ಎಂಬ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಅದು 1992ರಲ್ಲಿ ಶುರುವಾದ ಸಂಸ್ಥೆ. ನಮ್ಮವರು "ಪ್ರೊಮೆಟ್ರಿಕ್ ಬರೀಬೇಕು" ಅಂತಾರಲ್ಲ, ಅದು ಈ ನೋಂದಣಿಗೆ ಬೇಕಾದ ಕಂಪ್ಯೂಟರ್ ಪರೀಕ್ಷೆ.

ನಮ್ಮ ನರ್ಸಿಂಗ್ ಓದೂ ಇಂಗ್ಲಿಷಿನಲ್ಲೇ ಅಲ್ವಾ, ಮತ್ತೇನು ಕಷ್ಟ? ಕಷ್ಟ ಇರೋದು ಇಂಗ್ಲಿಷ್ ಒಂದೇ ಅಲ್ಲ ಅನ್ನೋದರಲ್ಲಿ. ನಮ್ಮ ಆಸ್ಪತ್ರೆಗಳ ಇಂಗ್ಲಿಷ್ ಬ್ರಿಟಿಷರ ಕಾಲದಿಂದ ಬಂದದ್ದು. ಸೌದಿಯ ದೊಡ್ಡ ಆಸ್ಪತ್ರೆಗಳಲ್ಲಿ ಅಮೆರಿಕದ ರೂಢಿಯ ಪ್ರಭಾವ ಹೆಚ್ಚು. ರಿಯಾದ್‌ನ ಕಿಂಗ್ ಫೈಸಲ್ ಸ್ಪೆಷಲಿಸ್ಟ್ ಆಸ್ಪತ್ರೆ 1975ರಲ್ಲಿ ತೆರೆದಾಗ ಅದನ್ನು ನಡೆಸುವ ಹೊಣೆ ಹೊತ್ತಿದ್ದು ಹಾಸ್ಪಿಟಲ್ ಕಾರ್ಪೊರೇಶನ್ ಆಫ್ ಅಮೆರಿಕ ಎಂಬ ಕಂಪನಿ. ಹಾಗಾಗಿ ನಾವು ಓಟಿ ಅನ್ನೋದು ಅಲ್ಲಿ ಓಆರ್. ನಮ್ಮ ಕ್ಯಾಶುವಾಲ್ಟಿ ಅಲ್ಲಿ ಇಆರ್. ನಾವು ರೈಲ್ಸ್ ಟ್ಯೂಬ್ ಅನ್ನೋದು, ಅಂದ್ರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ, ಅಲ್ಲಿ ಎನ್‌ಜಿ ಟ್ಯೂಬ್. ಇಲ್ಲಿ "ಪ್ಲಾಸ್ಟರ್" ಅಂದ್ರೆ ಮುರಿದ ಕೈಗೆ ಹಾಕುವ ಹಿಟ್ಟಿನ ಕಟ್ಟೂ ಹೌದು, ಗಾಯದ ಮೇಲೆ ಅಂಟಿಸುವ ಪಟ್ಟಿಯೂ ಹೌದು. ಅಮೆರಿಕದ ರೂಢಿಯಲ್ಲಿ ಮೊದಲನೆಯದು ಕಾಸ್ಟ್, ಎರಡನೆಯದು ಟೇಪ್ ಅಥವಾ ಬ್ಯಾಂಡೇಜ್.

ಇವು ಹೊಸದರಲ್ಲಿ ಒಂದೆರಡು ವಾರ ಗೊಂದಲ ಮಾಡಿ ಆಮೇಲೆ ಸರಿ ಹೋಗುವ ಪದಗಳು. ಕೆಲವು ಹಾಗಲ್ಲ. "ಕ್ಯಾಥೆಟರ್" ತಗೊಳ್ಳಿ. ನಮ್ಮ ಕಡೆ ಬರೀ ಕ್ಯಾಥೆಟರ್ ಅಂದ್ರೆ ಮೂತ್ರಕ್ಕೆ ಹಾಕುವ ಪೈಪು ಅಂತಲೇ ಹೆಚ್ಚಿನವರ ಮನಸ್ಸಿಗೆ ಬರೋದು. ಅಮೆರಿಕನ್ ರೂಢಿಯಲ್ಲಿ ಕೈಗೆ ಹಾಕುವ ಕ್ಯಾನುಲಾ ಕೂಡ ಐವಿ ಕ್ಯಾಥೆಟರ್. ಅದನ್ನೇ ನಮ್ಮಲ್ಲಿ ವೆನ್‌ಫ್ಲಾನ್ ಅಂತಾರೆ, ಅಮೆರಿಕದಲ್ಲಿ ಕಲಿತವರು ಆಂಜಿಯೋಕ್ಯಾಥ್ ಅಂತಾರೆ. ಎರಡೂ ವಸ್ತುವಿನ ಹೆಸರೇ ಅಲ್ಲ, ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ಹಿಂದೆ ನಾವು ವನಸ್ಪತಿಗೆಲ್ಲ ಡಾಲ್ಡಾ ಅಂತಿದ್ದ ಹಾಗೆ. ಉಸಿರು ನಿಂತವರಿಗೆ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗ್ ಕೂಡ ಅಷ್ಟೇ. ಅಂಬು ಡೆನ್ಮಾರ್ಕಿನ ಕಂಪನಿ, ಆ ಬ್ಯಾಗು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಸ್ಟೋರಿನ ಪಟ್ಟಿಯಲ್ಲಿ ಅದು ಬ್ಯಾಗ್ ವಾಲ್ವ್ ಮಾಸ್ಕ್ ಅಂತ ಇರುತ್ತೆ. ರೋಗಿಯ ಉಸಿರು ನಿಂತಿರುವಾಗ ಕಪಾಟಿನಲ್ಲಿ ಹೆಸರು ಹುಡುಕುತ್ತಾ ನಿಲ್ಲೋದಕ್ಕೆ ಆಗಲ್ಲ.

ಈಗ ಸಂಖ್ಯೆಗಳಿಗೆ ಬರೋಣ, ನಿಜವಾದ ವಿಜ್ಞಾನ ಇಲ್ಲಿದೆ. ಸೂಜಿ, ಕ್ಯಾನುಲಾಗಳನ್ನು ಗೇಜ್‌ನಲ್ಲಿ ಅಳೀತಾರೆ. ಇದು ತಂತಿ ಎಳೆಯುವವರ ಅಳತೆ. ಅಕ್ಕಸಾಲಿಗರು ಅಚ್ಚಿನ ತೂತಿನಿಂದ ತೂತಿಗೆ ಕಂಬಿ ಎಳೆಯುವುದನ್ನು ನೋಡಿದ್ದರೆ ತಕ್ಷಣ ಅರ್ಥ ಆಗುತ್ತೆ. ಹೆಚ್ಚು ಸಲ ಎಳೆದಷ್ಟೂ ಕಂಬಿ ಸಣ್ಣ ಆಗುತ್ತೆ. ಅದಕ್ಕೇ ಗೇಜ್ ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಸಣ್ಣದು. 24 ಗೇಜ್ ಮಗುವಿನ ಕೈಗೆ, 16 ಗೇಜ್ ಅಪಘಾತದಲ್ಲಿ ರಕ್ತ ಕಳಕೊಂಡವರಿಗೆ.

ಮೂತ್ರದ ಪೈಪು, ಎನ್‌ಜಿ ಟ್ಯೂಬ್, ಕಫ ಎಳೆಯುವ ನಳಿಕೆ ಇವನ್ನೆಲ್ಲ ಫ್ರೆಂಚ್ ಎಂಬ ಅಳತೆಯಲ್ಲಿ ಹೇಳ್ತಾರೆ. 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ವೈದ್ಯಕೀಯ ಉಪಕರಣ ಮಾಡುತ್ತಿದ್ದ ಶಾರಿಯೇರ್ ಎಂಬಾತ ರೂಪಿಸಿದ್ದು. ಒಂದು ಫ್ರೆಂಚ್ ಅಂದ್ರೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಇಲ್ಲಿ ಲೆಕ್ಕ ಉಲ್ಟಾ, ಸಂಖ್ಯೆ ದೊಡ್ಡದಾದಷ್ಟೂ ಪೈಪು ದಪ್ಪ. ಈಗ "ಹದಿನೆಂಟು ಕೊಡಿ" ಅಂದ್ರೆ? 18 ಫ್ರೆಂಚ್ ನಳಿಕೆಯ ಹೊರವ್ಯಾಸ 6 ಮಿಲಿಮೀಟರ್. 18 ಗೇಜ್ ಕ್ಯಾನುಲಾ ಸುಮಾರು 1.3 ಮಿಲಿಮೀಟರ್. ಹಾಗಾಗಿ ಅಳತೆಯ ಹೆಸರಿಲ್ಲದ ಸಂಖ್ಯೆಗೆ ಅರ್ಥವೇ ಇಲ್ಲ.

ಬಣ್ಣದ ಕಥೆಯೂ ಪಿಂಕ್‌ಗೇ ಮುಗಿಯಲ್ಲ. ಕ್ಯಾನುಲಾದಲ್ಲಿ ಹಸಿರು 18 ಗೇಜ್, ಸೂಜಿಯಲ್ಲಿ ಹಸಿರು 21. ಕ್ಯಾನುಲಾದಲ್ಲಿ ನೀಲಿ 22, ಸೂಜಿಯಲ್ಲಿ 23. ಹಳದಿ ಕ್ಯಾನುಲಾ 24, ಹಳದಿ ಸೂಜಿ 20. ಒಂದೆರಡು ಗೇಜ್ ಆಚೀಚೆ ಆದ್ರೆ ಏನಾಗುತ್ತೆ ಅಂತೀರಾ? 19ನೇ ಶತಮಾನದಲ್ಲಿ ಫ್ರಾನ್ಸಿನ ಪ್ವಾಸೆಯ್ ಎಂಬ ವೈದ್ಯ ಸಣ್ಣ ನಳಿಕೆಗಳಲ್ಲಿ ದ್ರವ ಹರಿಯುವ ನಿಯಮ ಕಂಡುಹಿಡಿದ. ದ್ರವ ನೆಟ್ಟಗೆ ಹರಿಯುವಾಗ ಹರಿವು ನಳಿಕೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತೆ. ತ್ರಿಜ್ಯ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಬರೀ ಶೇ 20ರಷ್ಟು ಹೆಚ್ಚಿದರೂ ಹರಿವು ಹತ್ತಿರ ಹತ್ತಿರ ಎರಡು ಪಟ್ಟು. ರಕ್ತ ಸುರಿಯುತ್ತಿರುವವರಿಗೆ ಬೇಗ ರಕ್ತ ಏರಿಸಬೇಕಾದಾಗ ತಪ್ಪು ಗೇಜ್ ಕೈಗೆ ಬಂದ್ರೆ ಅಮೂಲ್ಯ ನಿಮಿಷಗಳು ಹೋಗುತ್ತವೆ.

ಮುಂದಿನ ಉದಾಹರಣೆ ನರ್ಸುಗಳಿಗೆ ಮಾತ್ರ ಅಲ್ಲ, ಉಮ್ರಾ, ಹಜ್‌ಗೆ ಹೋಗುವವರಿಗೆ, ಸೌದಿಯಲ್ಲಿರೋ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಕೂಡ. ಪದ "ಇನ್ಸುಲಿನ್ ಸಿರಿಂಜ್". ಭಾರತದಲ್ಲಿ ಇನ್ಸುಲಿನ್ ಬಾಟಲಿ ಎರಡು ಸಾಂದ್ರತೆಯಲ್ಲಿ ಸಿಗುತ್ತೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಇಲ್ಲವೇ 100 ಯೂನಿಟ್. ಅದಕ್ಕೆ ತಕ್ಕಂತೆ ಸಿರಿಂಜ್ ಕೂಡ ಎರಡು. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಆದರೆ ಸೌದಿಯೂ ಸೇರಿ ಜಗತ್ತಿನ ಬಹುತೇಕ ಕಡೆ ಈಗ ಬಳಕೆಯಲ್ಲಿರೋದು 100ರದ್ದು. ಊರಿಂದ ತಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅಲ್ಲಿ ಕೊಂಡ ಇನ್ಸುಲಿನ್ ಎಳೆದರೆ? 20ರ ಗೆರೆಗೆ ಅರ್ಧ ಮಿಲಿಲೀಟರ್ ಬರುತ್ತೆ, ಅಂದ್ರೆ ದೇಹಕ್ಕೆ ಹೋಗೋದು 20 ಅಲ್ಲ, 50 ಯೂನಿಟ್. ಸಕ್ಕರೆ ಪೂರ್ತಿ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಉಲ್ಟಾ ಆದರೆ, ಅಂದ್ರೆ ಊರಿನ 40ರ ಇನ್ಸುಲಿನ್ ಅಲ್ಲಿನ ಸಿರಿಂಜಿನಲ್ಲಿ ಎಳೆದರೆ, 20ರ ಬದಲು ಬರೀ 8 ಯೂನಿಟ್. ಎರಡು ಕಡೆಯೂ ಅಂಗಡಿಯಲ್ಲಿ ಕೇಳುವ ಮಾತು ಅದೇ: "ಇನ್ಸುಲಿನ್ ಸಿರಿಂಜ್ ಕೊಡಿ."

"ಮಾಸ್ಕ್" ಅನ್ನೋ ಪದ ಎಷ್ಟು ಭಾರ ಹೊರುತ್ತೆ ಅಂತ ಕೋವಿಡ್ ನಮಗೆ ಕಲಿಸಿತು. ಸೌದಿಯವರು ಅದನ್ನು ಮೊದಲೇ ಕಲಿತಿದ್ದರು. 2012ರಲ್ಲಿ ಜೆದ್ದಾದ ಒಬ್ಬ ರೋಗಿಯಲ್ಲಿ ಮರ್ಸ್ ಎಂಬ ಹೊಸ ಕೊರೊನಾ ವೈರಸ್ ಪತ್ತೆಯಾಯ್ತು. 2014ರಲ್ಲಿ ಅದೇ ಊರಿನ ಆಸ್ಪತ್ರೆಗಳ ಒಳಗೇ ಅದು ಹರಡಿತು, ಸೋಂಕು ತಗುಲಿದವರಲ್ಲಿ ಆರೋಗ್ಯ ಸಿಬ್ಬಂದಿ ಬಹಳ ಮಂದಿ ಇದ್ದರು. ಸರ್ಜಿಕಲ್ ಮಾಸ್ಕ್ ಎದುರಿನಿಂದ ಸಿಡಿಯುವ ಹನಿಗಳನ್ನು ತಡೆಯುತ್ತೆ, ಆದರೆ ಕೆನ್ನೆಯ ಪಕ್ಕದಿಂದ ಗಾಳಿ ನುಸುಳುತ್ತೆ. ಎನ್95 ಮುಖಕ್ಕೆ ಬಿಗಿಯಾಗಿ ಕೂರಬೇಕು. ಪರೀಕ್ಷೆಯಲ್ಲಿ ಅದು 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ ಶೇ 95ನ್ನು ತಡೆಯಬೇಕು. ರೋಗಿಯ ಗಂಟಲಿಗೆ ಟ್ಯೂಬ್ ಇಳಿಸುವಾಗ ಬೇಕಾದದ್ದು ಎರಡನೆಯದು. ಬರೀ "ಮಾಸ್ಕ್ ಹಾಕ್ಕೊಳ್ಳಿ" ಅಂದ್ರೆ ಆ ಮಾತು ಪೂರ್ತಿ ಆಗಲಿಲ್ಲ.

ಹಾಗಾದರೆ ದಾರಿ ಏನು? ಮೊದಲನೆಯದು ಮಾತಿನಲ್ಲೇ ಇದೆ. ವಸ್ತುವಿನ ಸಾಮಾನ್ಯ ಹೆಸರು, ಅದು ಮಾಡುವ ಕೆಲಸ, ಸಂಖ್ಯೆ, ಅಳತೆಯ ಹೆಸರು ಇಷ್ಟನ್ನೂ ಸೇರಿಸಿ ಹೇಳೋದು: "ಪಿಂಕ್" ಅಲ್ಲ, "ಐವಿ ಕ್ಯಾನುಲಾ, 20 ಗೇಜ್". ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳೋದು, ಆಮೇಲೆ ಪ್ಯಾಕೆಟ್ ಮೇಲೆ ಓದಿ ನೋಡೋದು. ಹೊಸ ನರ್ಸ್ ಹೀಗೆ ತಿರುಗಿ ಕೇಳಿದರೆ ಅದು ಇಂಗ್ಲಿಷ್ ಬರದ ಲಕ್ಷಣ ಅಲ್ಲ, ಕೆಲಸ ಗೊತ್ತಿರುವ ಲಕ್ಷಣ.

ಎರಡನೆಯ ದಾರಿ ಮಾತನ್ನೇ ನೆಚ್ಚಿಕೊಳ್ಳದೇ ಇರೋದು. ಸಿರಿಂಜಿನ ತುದಿ ಕೂರುವ ಲ್ಯೂಯರ್ ಎಂಬ ಜೋಡಣೆ 19ನೇ ಶತಮಾನದಿಂದ ಇದೆ, ಬಹಳ ಕಾಲ ಎಲ್ಲಾ ನಳಿಕೆಗೂ ಅದೇ ಹೊಂದುತ್ತಿತ್ತು. ಹಾಗಾಗಿ ಹೊಟ್ಟೆಗೆ ಹೋಗಬೇಕಾದ ದ್ರವ ಆಹಾರ ರಕ್ತನಾಳಕ್ಕೆ ಹೋದ ದುರಂತಗಳು ಹಲವು ದೇಶಗಳಲ್ಲಿ ಆಗಿವೆ. ಐಎಸ್‌ಒ 80369 ಎಂಬ ಮಾನದಂಡ ಸರಣಿ ಇದಕ್ಕೆ ಪರಿಹಾರ ಕೊಟ್ಟಿದೆ. ಆಹಾರದ ನಳಿಕೆಗೆ ಒಂದು ಆಕಾರ, ಬೆನ್ನುಹುರಿಯ ಭಾಗದ ಇಂಜೆಕ್ಷನ್ನಿಗೆ ಇನ್ನೊಂದು, ರಕ್ತನಾಳಕ್ಕೆ ಲ್ಯೂಯರ್. ಒಂದಕ್ಕೊಂದು ಕೂರೋದೇ ಇಲ್ಲ. ಕಣ್ಣು ತಪ್ಪಿದರೂ ಕೈಗೆ ಗೊತ್ತಾಗುತ್ತೆ.

ಇನ್ನು ರೋಗಿಯ ಜೊತೆ? ಅಲ್ಲಿ ಇಂಗ್ಲಿಷ್ ಸಾಲಲ್ಲ. ಆದರೆ ಅರೇಬಿಕ್ ನಮಗೆ ಪೂರ್ತಿ ಹೊರಗಿನದೂ ಅಲ್ಲ. ಅರೇಬಿಕ್‌ನಲ್ಲಿ ಔಷಧಿಗೆ ದವಾ. ಕಲಬುರಗಿ, ವಿಜಯಪುರದ ಕಡೆಯವರು ದವಾಖಾನಿಗೆ ಹೋಗ್ತೀವಿ ಅನ್ನೋವಾಗ ಆ ಪದ ಬಾಯಲ್ಲೇ ಇದೆ. ಸೂಜಿಗೆ ಇಬ್ರಾ. ನಾವು ಇಂಜೆಕ್ಷನ್ನಿಗೆ ಸೂಜಿ ಅಂದ ಹಾಗೆ ಅವರೂ ಇಂಜೆಕ್ಷನ್ನಿಗೆ ಇಬ್ರಾ ಅಂತಾರೆ. ಗಾಜ್ ಬಟ್ಟೆಗೆ ಶಾಶ್. ಡಯಾಬಿಟಿಸ್‌ಗೆ ಅಲ್ಲಿನ ಜನ ಸುಕ್ಕರ್ ಅಂತಾರೆ, ನಮ್ಮ ಸಕ್ಕರೆ ಕಾಯಿಲೆ ಇದ್ದ ಹಾಗೆ. ಸುಕ್ಕರ್, ಸಕ್ಕರೆ ಎರಡರ ಬೇರೂ ಸಂಸ್ಕೃತದ ಶರ್ಕರಾ. ಸೂಜಿ ಚುಚ್ಚುವ ಮೊದಲು "ಇಬ್ರಾ" ಅಂತ ಒಂದು ಮಾತು ಹೇಳಿದರೆ ಹೆದರಿರುವ ಅಜ್ಜಿಗೆ ಏನಾಗ್ತಿದೆ ಅಂತ ತಿಳಿಯುತ್ತೆ.

ನಿಮ್ಮ ಮನೆಯಿಂದ ಯಾರಾದರೂ ಇನ್ಸುಲಿನ್ ತಗೊಂಡು ಆ ಕಡೆ ಹೊರಟಿದ್ದರೆ ಇವತ್ತೇ ಬಾಟಲಿ, ಸಿರಿಂಜ್ ಎರಡರ ಮೇಲೂ ಬರೆದಿರೋ ಸಂಖ್ಯೆ ಓದಿ, ಎರಡೂ ಒಂದೇ ಇದೆಯಾ ನೋಡಿ. ಇರೋ ದಿನಕ್ಕೆ ಸಾಕಾಗುವಷ್ಟನ್ನು ಎರಡನ್ನೂ ಜೊತೆಯಲ್ಲೇ ಒಯ್ಯಲಿ, ಬದಲಾಯಿಸಬೇಕಾದರೆ ಡಾಕ್ಟರನ್ನು ಕೇಳಿಯೇ ಬದಲಾಯಿಸಲಿ. ನರ್ಸಿಂಗ್ ಓದ್ತಿರೋ ಮಕ್ಕಳಿದ್ದರೆ ಈ ಸಂಚಿಕೆಯನ್ನು ಅವರಿಗೂ ಕಳಿಸಿ.